ಯಜಮಾನರ ಸಹಿ

"ಯಜಮಾನ್ರು ಬಂದಿಲ್ವಾ? ಅವರ ಸೈನ್ ಬೇಕಮ್ಮ."

ಈ ವಾರವೆಲ್ಲ ನನ್ನ ಕಿವಿಯಲ್ಲಿ ಇದೇ ಮಾತು. ಚಿಕ್ಕಮ್ಮನ ಮಗಳ ಜೊತೆ ಆಸ್ಪತ್ರೆಗೆ ಹೋಗಿದ್ದೆ. ಅವಳಿಗೆ ಎರಡು ಮಕ್ಕಳಿವೆ, ಚಿಕ್ಕದು ಇನ್ನೂ ಹಾಲು ಬಿಟ್ಟಿಲ್ಲ. ಈಗ ಮತ್ತೆ ಬಸುರಿ, ಏಳು ವಾರ. ಬೇಡ ಅಂತ ರಾತ್ರಿಗಟ್ಟಲೆ ಅತ್ತು ತೀರ್ಮಾನಿಸಿದ್ದಳು. ದೂರದೂರಲ್ಲಿ ಕೆಲಸದಲ್ಲಿರುವ ಗಂಡ ಫೋನಿನಲ್ಲಿ "ನಿನ್ನಿಷ್ಟ" ಅಂದಿದ್ದ, ಅಷ್ಟೇ.

ಆ ನರ್ಸ್ ಕೆಟ್ಟವರಲ್ಲ. ಗದರಲೂ ಇಲ್ಲ. ರೂಢಿಯಂತೆ ಕೇಳಿದರು, ಅದಕ್ಕೇ ನನಗೆ ಜಾಸ್ತಿ ಸಿಟ್ಟು ಬಂತು. ನಮ್ಮ ದೇಶದಲ್ಲಿ ಗರ್ಭಪಾತದ ಕಾನೂನು ಬಂದದ್ದು 1971ರಲ್ಲಿ. ಹದಿನೆಂಟು ತುಂಬಿದ ಹೆಂಗಸಿಗೆ ಅವಳದೇ ಒಪ್ಪಿಗೆ ಸಾಕು ಅಂತ ಅದರಲ್ಲಿದೆ. ಗಂಡನ ಸಹಿಯ ಮಾತೇ ಇಲ್ಲ. ಗರ್ಭನಿರೋಧಕ ಕೈಕೊಟ್ಟರೆ ಅನ್ನುವ ಸಾಲಿನಲ್ಲಿ ಮಾತ್ರ "ಗಂಡ" ಇದ್ದ, 2021ರ ತಿದ್ದುಪಡಿಯಲ್ಲಿ ಅಲ್ಲೂ "ಸಂಗಾತಿ" ಬಂತು. ಮರುವರ್ಷ ಸುಪ್ರೀಂ ಕೋರ್ಟ್, ಮದುವೆಯಾಗದವರಿಗೂ 24 ವಾರದವರೆಗಿನ ಅವಕಾಶ ಸಿಗಬೇಕು ಅಂದಿತು. ಇಷ್ಟೆಲ್ಲ ಆದಮೇಲೂ "ಯಜಮಾನ್ರು ಬಂದಿಲ್ವಾ?"

ಗೋಡೆಯ ಮೇಲೆ "ಭ್ರೂಣಲಿಂಗ ಪತ್ತೆ ಅಪರಾಧ" ಅನ್ನುವ ಬೋರ್ಡ್ ಇತ್ತು. ಅದನ್ನೇ ನೋಡುತ್ತಾ ಅವಳು ಮೆಲ್ಲಗೆ ಕೇಳಿದಳು, "ಅಕ್ಕಾ, ನಮ್ಮನ್ನ ಪೊಲೀಸರಿಗೆ ಹಿಡ್ಕೊಡ್ತಾರಾ?" ಹೆಣ್ಣೋ ಗಂಡೋ ಅಂತ ತಿಳಿದು ತೆಗೆಸುವುದನ್ನು ತಡೆಯಲು 1994ರಲ್ಲಿ ಬಂದ ಕಾನೂನು ಅದು. ಬೇಕಾದದ್ದೇ. ಆದರೆ ಎರಡಕ್ಕೂ ಇರುವ ವ್ಯತ್ಯಾಸವನ್ನು ಅವಳಿಗೆ ಯಾರೂ ಹೇಳಿಲ್ಲ. ಇದೇ ಹೆದರಿಕೆಗೆ ಎಷ್ಟೋ ಹೆಣ್ಣುಮಕ್ಕಳು ಡಾಕ್ಟರಿಗೆ ತೋರಿಸದೆ ಕದ್ದು ಮಾತ್ರೆ ನುಂಗುತ್ತಾರೆ.

ಪಕ್ಕದಲ್ಲಿದ್ದ ಅಜ್ಜಿ "ಪಾಪ ಸುತ್ಕೊಳ್ಳುತ್ತೆ ಕಣಮ್ಮಾ" ಅಂದರು. ಅವರ ಸಂಕಟ ಸುಳ್ಳಲ್ಲ. ಹೊಟ್ಟೆಯಲ್ಲಿರುವುದೂ ಜೀವವೇ ಅಂತ ನಂಬಿದವರಿಗೆ ನೋವಾಗುತ್ತೆ. ನನ್ನ ತಂಗಿಗೂ ಆಗಿತ್ತು. ಆದರೆ ಆ ನಂಬಿಕೆಯನ್ನೇ ಇನ್ನೊಬ್ಬರ ಮೈಮೇಲೆ ಕಾನೂನಾಗಿ ಹೇರಿದರೆ? ಬೆಳಗಾವಿ ಮೂಲದ ಸವಿತಾ ಹಾಲಪ್ಪನವರ್ 2012ರಲ್ಲಿ ಐರ್ಲೆಂಡಿನಲ್ಲಿ ತೀರಿಕೊಂಡದ್ದು ಹಾಗೇ. ಮಗು ಉಳಿಯುವುದಿಲ್ಲ ಅಂತ ಗೊತ್ತಿತ್ತು. ಅದರ ಎದೆಬಡಿತ ಇನ್ನೂ ಇದೆ ಅಂತ ಗರ್ಭಪಾತ ಮಾಡಲಿಲ್ಲ. ಸೋಂಕು ಮೈಗೆಲ್ಲ ಏರಿತು. ಅವರಿಗೆ 31 ವರ್ಷ. ಆ ದೇಶದ ಜನ ಮತ ಹಾಕಿ ಆ ನಿಯಮ ತೆಗೆದದ್ದು 2018ರಲ್ಲಿ.

ಕೊನೆಗೆ ಡಾಕ್ಟರಮ್ಮ ಬಂದು, "ಅವಳ ಸೈನ್ ಸಾಕು" ಅಂದರು. ಒಂದೇ ಮಾತಲ್ಲಿ ಮುಗೀತು. ಹೊರಡುವಾಗ ನರ್ಸ್, "ಮುಂದೆ ಆಪರೇಷನ್ ಮಾಡಿಸ್ಕೊಂಡುಬಿಡಮ್ಮ" ಅಂದರು. ಸಹಿಗೆ ಬೇಕಾಗಿದ್ದ ಯಜಮಾನರು ಈಗ ಯಾಕೆ ನೆನಪಾಗಲಿಲ್ಲ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಮದುವೆಯಾದ ನೂರು ಹೆಂಗಸರಲ್ಲಿ ಸುಮಾರು 38 ಮಂದಿಗೆ ಆಪರೇಷನ್ ಆಗಿದೆ. ಗಂಡನಿಗೆ ಆಗಿರುವುದು ನೂರಕ್ಕೆ ಒಂದು ಮನೆಯಲ್ಲೂ ಇಲ್ಲ, ಬರೀ 0.3. ಹೊಟ್ಟೆ ಕೊಯ್ಯುವುದು ಅವಳಿಗೆ. ಅವನದು ಸಣ್ಣ ತೂತಿನ ಕೆಲಸ, ಅದೇ ದಿನ ಮನೆಗೆ ಬರಬಹುದು.

ರಾತ್ರಿ ಅವಳ ಗಂಡನಿಗೆ ಫೋನ್ ಮಾಡಿ ಇದನ್ನೇ ಹೇಳಿದೆ. "ನಂದು ಭಾರ ಎತ್ತೋ ಕೆಲಸ ಅಕ್ಕಾ, ಶಕ್ತಿ ಹೋಗುತ್ತಂತೆ" ಅಂದ. ಶಕ್ತಿ ಎಲ್ಲೂ ಹೋಗಲ್ಲ, ವೀರ್ಯಾಣು ಬರುವ ನಾಳ ಮಾತ್ರ ಕಟ್ಟುತ್ತಾರೆ, ಮೂರು ತಿಂಗಳು ಹುಷಾರಾಗಿದ್ದು ಪರೀಕ್ಷೆ ಮಾಡಿಸಿದರಾಯ್ತು ಅಂತ ಬಿಡಿಸಿ ಹೇಳಿದೆ. ಅವಳೂ ಭಾರ ಎತ್ತುತ್ತಾಳೆ, ಅದನ್ನೂ ಹೇಳಿದೆ. "ನೋಡೋಣ" ಅಂದಿದ್ದಾನೆ. ಹಬ್ಬಕ್ಕೆ ಬರುತ್ತಾನೆ. ಆಗ ಎದುರಿಗೆ ಕೂರಿಸಿಕೊಂಡು ಮತ್ತೆ ಕೇಳುತ್ತೇನೆ.