‘ಮುಂಚೆ’ ಅನ್ನುವಾಗ ಕೈ ಎತ್ತ ಹೋಗುತ್ತದೆ?

‘ಮುಂಚೆ’ ಅಂದರೆ ಆಗಿಹೋದದ್ದು. ‘ಮುಂದೆ’ ಅಂದರೆ ಇನ್ನು ಆಗಬೇಕಾದದ್ದು. ಎರಡರಲ್ಲೂ ಇರುವುದು ಒಂದೇ ‘ಮುನ್’. ದಿನಕ್ಕೆ ಹತ್ತು ಸಲ ಆಡುತ್ತೇವೆ, ಒಮ್ಮೆಯೂ ಗೊಂದಲ ಆಗುವುದಿಲ್ಲ, ಅಲ್ವಾ? ನನಗೆ ಇಲ್ಲಿ ಎರಡು ಚಿತ್ರ ಕಾಣುತ್ತವೆ. ಒಂದರಲ್ಲಿ ನಾವು ನಡೆಯುತ್ತಿದ್ದೇವೆ, ಬರುವ ದಿನಗಳು ಕಣ್ಣೆದುರಿಗಿವೆ. ಇನ್ನೊಂದರಲ್ಲಿ ದಿನಗಳೇ ಸಾಲುಗಟ್ಟಿ ಬರುತ್ತಿವೆ, ಸಾಲಿನಲ್ಲಿ ಮುಂದಿರುವುದು ಮೊದಲು ಬಂದು ಹೋಗುತ್ತದೆ, ಹಾಗಾಗಿ ಅದು ‘ಮುಂಚೆ’. ಇನ್ನು ‘ಮಳೆ ನಿಂತ ಮೇಲೆ’ ಅನ್ನುವಾಗ ಒಂದರ ಮೇಲೊಂದು ಪೇರಿಸಿಯೇ ಬಿಡುತ್ತೇವೆ!

ಕಾಗ್ನಿಟಿವ್ ಲಿಂಗ್ವಿಸ್ಟಿಕ್ಸ್ ನನ್ನನ್ನು ಹಿಡಿದಿಟ್ಟಿದ್ದು ಇಂಥ ಮಾತುಗಳಿಂದಲೇ. ಭಾಷೆಯನ್ನು ಬೇರೆ ಮಾಡಿ ಇಡದೆ, ನೋಡುವುದು, ನಡೆಯುವುದು, ನೆನಪಿಡುವುದು ಇವುಗಳ ಜೊತೆಗೇ ಇಟ್ಟು ನೋಡುವ ಶಾಸ್ತ್ರ ಅದು. 1980ರಲ್ಲಿ ಭಾಷಾಶಾಸ್ತ್ರಜ್ಞ ಜಾರ್ಜ್ ಲೇಕಾಫ್ ಮತ್ತು ತತ್ವಶಾಸ್ತ್ರಜ್ಞ ಮಾರ್ಕ್ ಜಾನ್ಸನ್, ರೂಪಕ ಬರೀ ಕವಿಗಳ ಅಲಂಕಾರ ಅಲ್ಲ, ನಾವು ಯೋಚಿಸುವುದೇ ಹಾಗೆ ಅಂದರು. ಕೋಪ ನೆತ್ತಿಗೇರುತ್ತದೆ, ರಕ್ತ ಕುದಿಯುತ್ತದೆ, ಆಮೇಲೆ ಇಳಿಯುತ್ತದೆ, ತಣ್ಣಗಾಗುತ್ತದೆ. ಮೈಯೇ ಪಾತ್ರೆ, ಕೋಪ ಅದರೊಳಗಿನ ಬಿಸಿ.

ಆದರೆ ಆಗ ಒಂದು ಕೊರತೆ ಇತ್ತು. ಕುಳಿತಲ್ಲೇ ಉದಾಹರಣೆ ಹೊಳೆಯಿಸಿಕೊಂಡು, ತಮ್ಮ ಕಿವಿಗೆ ಸರಿ ಅನಿಸಿದರೆ ಸರಿ ಅನ್ನುವುದು ಜಾಸ್ತಿ. ಮೇಲೆ ನಾನು ಹೇಳಿದ ಎರಡು ಚಿತ್ರಗಳೂ ಆ ತರದವೇ. ಶುರು ಮಾಡಲು ಅಷ್ಟು ಸಾಕು, ಸಾಬೀತಿಗೆ ಸಾಲದು. ಈಚಿನ 15–20 ವರ್ಷಗಳಲ್ಲಿ ಗಾಳಿ ಬದಲಾಗಿದೆ. ಜನ ನಿಜವಾಗಿ ಆಡಿದ, ಬರೆದ ಮಾತನ್ನು ರಾಶಿಗಟ್ಟಲೆ ಕೂಡಿಹಾಕಿ ಎಣಿಸುತ್ತಾರೆ, ಓದುವಾಗ ಕಣ್ಣು ಎಲ್ಲಿ ನಿಲ್ಲುತ್ತದೆ ಅಂತ ಅಳೆಯುತ್ತಾರೆ. ಒಳ್ಳೆಯದೇ ಆಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೈಸನ್ನೆಯ ಕೆಲಸ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಐಮಾರಾ ಭಾಷೆಯಲ್ಲಿ ‘ಮುಂದೆ’ ಅನ್ನುವ ಪದವೇ ಕಳೆದುಹೋದ ಕಾಲಕ್ಕೂ ಸಲ್ಲುತ್ತದೆ. ಅದೇ ಪದಕ್ಕೆ ‘ಕಣ್ಣು’ ಅನ್ನುವ ಅರ್ಥವೂ ಇದೆ. ಬರೀ ಪದ ನೋಡಿ ನಿರ್ಧರಿಸಿದ್ದರೆ ಅನುಮಾನ ಉಳಿಯುತ್ತಿತ್ತು, ಏಕೆಂದರೆ ನಮ್ಮ ‘ಮುಂಚೆ’ಯೂ ಹಾಗೇ ಇದೆಯಲ್ಲ! ರಫಾಯೆಲ್ ನೂನ್ಯೆಸ್ ಮತ್ತು ಈವ್ ಸ್ವೀಟ್ಸರ್ ಅನ್ನುವ ಸಂಶೋಧಕರು ಐಮಾರಾ ಮಾತಾಡುವವರ ವೀಡಿಯೋ ತೆಗೆದು ನೋಡಿದರು. ಹಳೆಯ ಕಾಲದ ಮಾತು ಬಂದಾಗ ವಯಸ್ಸಾದವರ ಕೈ ಮುಂದಕ್ಕೆ ಚಾಚಿತು, ಬರುವ ಕಾಲದ ಮಾತು ಬಂದಾಗ ಹೆಗಲ ಹಿಂದಕ್ಕೆ ಹೋಯಿತು. ನೋಡಿದ್ದು ಎದುರಿಗಿದೆ, ನೋಡದ್ದು ಬೆನ್ನ ಹಿಂದಿದೆ. ಇದು 2006ರಲ್ಲಿ ಪ್ರಕಟವಾಯಿತು.

ಈಗ ದೊಡ್ಡ ಪ್ರಶ್ನೆ ಭಾಷಾ ಮಾದರಿಗಳದ್ದು, ಅಂದರೆ ರಾಶಿ ಬರಹ ಓದಿಸಿ ತಯಾರಿಸಿದ, ತಾವೇ ಬರೆಯುವ ಕಂಪ್ಯೂಟರ್ ಪ್ರೋಗ್ರಾಂಗಳದ್ದು. ಮೈ ಇಲ್ಲ, ಬಿಸಿ ಗೊತ್ತಿಲ್ಲ, ಆದರೂ ಕೋಪ ಕುದಿಯಿತು ಅಂತ ಸರಿಯಾದ ಜಾಗದಲ್ಲೇ ಬರೆಯುತ್ತವೆ. ಹಾಗಾದರೆ ಅರ್ಥದಲ್ಲಿ ಮೈಯ ಪಾಲೆಷ್ಟು, ಪದಗಳ ಒಡನಾಟದ ಪಾಲೆಷ್ಟು? ಇದನ್ನು ಇಂಗ್ಲಿಷ್ ಒಂದನ್ನೇ ಇಟ್ಟುಕೊಂಡು ಬಿಡಿಸಲಾಗದು. ‘ನನಗೆ ಸಿಟ್ಟು ಬಂತು’ ಅನ್ನುವಲ್ಲಿ ಸಿಟ್ಟೇ ನಡೆದು ಬರುತ್ತದೆ, ನಾನು ಸುಮ್ನೆ ನಿಂತಿರುತ್ತೇನೆ. ಕನ್ನಡದಂಥ ಭಾಷೆಗಳಲ್ಲಿ ಮಾತಾಡುವವರ ವೀಡಿಯೋಗಳು ರಾಶಿ ರಾಶಿಯಾಗಿ ಬೇಕು, ಕೈ, ಕಣ್ಣು, ದನಿ ಎಲ್ಲಾ ಸೇರಿ. ‘ಮುಂಚೆ ಹೀಗಿರಲಿಲ್ಲ’ ಅನ್ನುವ ಕನ್ನಡದವರ ಕೈ ಹೆಗಲ ಹಿಂದಕ್ಕೆ ಹೋಗುತ್ತದೋ, ಎದುರಿಗೆ ಚಾಚುತ್ತದೋ, ನಾನು ಮೊದಲು ನೋಡಬೇಕಿರುವುದು ಅದನ್ನೇ.