ಮುಟ್ಟಿದರೆ ತಣ್ಣಗಿರುವ ಮಾಡೆಲ್

ದೀಪಾವಳಿಗೆ ದಾವಣಗೆರೆಗೆ ಹೋದಾಗ ಅಪ್ಪ ಕೇಳಿದರು, ‘ನಿನ್ನ ಮಾಡೆಲ್ಲು ಎಷ್ಟು ಕಾಯ್ತದವ್ವಾ?’

‘ಹತ್ತು ಡಿಗ್ರಿ ಏರಬಹುದು ಅಪ್ಪಾ, ಅಷ್ಟೇ.’

ಅಪ್ಪ ನಂಬಲಿಲ್ಲ. ಮೂವತ್ತು ವರ್ಷ ಮಂಡಕ್ಕಿ ಭಟ್ಟಿಯಲ್ಲಿ ದುಡಿದವರು ಅವರು. ಶಬ್ದದ ಆರು ಪಟ್ಟು ವೇಗದ ಗಾಳಿ ಬಡಿದರೂ ಬರೀ ಹತ್ತು ಡಿಗ್ರಿ ಅಂದರೆ ಯಾರು ತಾನೇ ನಂಬುತ್ತಾರೆ?

ನಾನು ಕೆಲಸ ಮಾಡುವುದು ಶಾಕ್ ಟನಲ್‌ನಲ್ಲಿ. ಅತಿ ವೇಗದ ವಿಮಾನಗಳ ಪುಟ್ಟ ಮಾಡೆಲ್‌ಗೆ ಗಾಳಿ ಬಡಿಸಿ, ಎಷ್ಟು ಶಾಖ ಹೊಕ್ಕಿತು ಅಂತ ನೋಡುವ ಯಂತ್ರ ಅದು. ಉದ್ದನೆಯ ಉಕ್ಕಿನ ಕೊಳವೆ, ಒಳಗೆ ಅಡ್ಡಲಾಗಿ ಒಂದು ಅಲ್ಯೂಮಿನಿಯಂ ತಗಡು. ಒಂದು ಬದಿಗೆ ಹೀಲಿಯಂ ತುಂಬುತ್ತಾ ಹೋದರೆ ತಗಡು ಢಮ್ಮೆಂದು ಒಡೆಯುತ್ತದೆ. ಆಗ ಏಳುವ ಶಾಕ್ ಅಲೆ, ಅಂದರೆ ಒತ್ತಡದ ಹಠಾತ್ ಅಲೆ, ಆಚೆ ಬದಿಯ ಗಾಳಿಯನ್ನು ಒತ್ತಿ ಕಾಯಿಸುತ್ತದೆ. ಆ ಗಾಳಿ ವೇಗ ಏರಿಸುವ ಮೂತಿಯಾದ ನಾಝಲ್ ದಾಟಿ ಮಾಡೆಲ್ ಮೇಲೆ ನುಗ್ಗುತ್ತದೆ. ನಮಗೆ ಬೇಕಾದ ಹರಿವು ಸಿಗುವುದು ಸುಮಾರು ಒಂದು ಮಿಲಿಸೆಕೆಂಡ್ ಮಾತ್ರ. ಆಮೇಲೆ ಬಾಗಿಲು ತೆಗೆದು ಮುಟ್ಟಿದರೆ ಮಾಡೆಲ್ ತಣ್ಣಗೇ ಇರುತ್ತದೆ.

ಮರುದಿನ ಭಟ್ಟಿಗೆ ಹೋದೆವು. ಕೆಂಡದಂಥ ಮರಳಿಗೆ ಅಕ್ಕಿ ಬಿತ್ತು, ಚಟಪಟ ಅರಳಿತು. ನಾನು ಹೇಳಿದೆ, ‘ಅಪ್ಪಾ, ಈ ಅಕ್ಕಿನ ಹಾಕಿದ ತಕ್ಷಣ ತೆಗೆದುಬಿಟ್ರೆ ಅರಳಲ್ಲ ಅಲ್ವಾ? ಹಂಗಂತ ಮರಳು ಕಾದಿಲ್ಲ ಅಂತೇನಲ್ಲ.’

ಅಪ್ಪ ಸ್ವಲ್ಪ ಹೊತ್ತು ಸುಮ್ನೆ ನಿಂತರು. ‘ಹಂಗಾದ್ರೆ ನೀನು ಎಷ್ಟು ಕಾಯ್ತು ಅಂತ ನೋಡಲ್ಲ. ಶಾಖ ಎಷ್ಟು ಜೋರಾಗಿ ಒಳಗೆ ಹೊಕ್ತದೆ ಅಂತ ನೋಡ್ತೀಯ.’

ಅಷ್ಟೇ! ನನ್ನ ಕೆಲಸವನ್ನು ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ.

ಅಳೆಯುವುದು ಹೀಗೆ. ಮಕೋರ್ ಎಂಬ ಬಿಳಿ ಸೆರಾಮಿಕ್ ಮೇಲೆ ಪ್ಲಾಟಿನಂ ಶಾಯಿಯನ್ನು ಸಣ್ಣ ಕುಂಚದಲ್ಲಿ ಗೆರೆ ಎಳೆದು ಕುಲುಮೆಯಲ್ಲಿ ಸುಡುತ್ತೇನೆ. ಉಳಿಯುವ ಪದರ ಒಂದು ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದ ಒಂದು ಭಾಗ) ತೆಳು. ಈ ಗೆರೆಯೇ ನಮ್ಮ ಗೇಜ್. ಅದಕ್ಕೆ ಬದಲಾಗದ ಕರೆಂಟ್ ಹರಿಸುತ್ತೇವೆ. ಬಿಸಿ ಏರಿದರೆ ಪ್ಲಾಟಿನಂನ ರೋಧ ಏರುತ್ತದೆ, ವೋಲ್ಟೇಜ್ ಕೂಡ ಏರುತ್ತದೆ. ಒಂದು ಮಿಲಿಸೆಕೆಂಡಿನಲ್ಲಿ ಶಾಖ ಮಕೋರ್ ಒಳಗೆ ಇಳಿಯುವುದು ಸುಮಾರು 0.1 ಮಿಲಿಮೀಟರ್ ಅಷ್ಟೇ, ಹಿಂಬದಿಗೆ ಸುದ್ದಿಯೇ ಮುಟ್ಟಿರುವುದಿಲ್ಲ. ಹಾಗಾಗಿ ಮೇಲ್ಮೈಯ ಬಿಸಿ ಏರಿದ ಗೆರೆ ನೋಡಿಯೇ ಎಷ್ಟು ಶಾಖ ಹೊಕ್ಕಿತು ಅಂತ ಲೆಕ್ಕ ಹಾಕಬಹುದು. ಒಂದೇ ಸಮನೆ ಶಾಖ ಹೊಕ್ಕರೆ ಬಿಸಿ ಕಾಲದ ವರ್ಗಮೂಲದಂತೆ ಏರುತ್ತದೆ. ಪರದೆಯ ಮೇಲೆ ಆ ಬಾಗಿದ ಗೆರೆ ಚೆನ್ನಾಗಿ ಮೂಡಿದರೆ ನನಗೆ ಆವತ್ತು ಹಬ್ಬ.

ಯಾವಾಗಲೂ ಹಾಗಾಗಲ್ಲ. ಹೋದ ತಿಂಗಳು ಒಡೆದ ತಗಡಿನ ಚೂರು ಮಾಡೆಲ್‌ನ ಮೂತಿಗೇ ಬಡಿದು ಎರಡು ಗೇಜ್ ಹೋದವು. ಹದಿನೈದು ದಿನದ ಕೆಲಸ. ಅಳು ಬಂತು.

ಆದರೂ ಬಿಡೋಕಾಗಲ್ಲ. 1967ರ ಅಕ್ಟೋಬರ್ 3ರಂದು ಅಮೆರಿಕದ ಎಕ್ಸ್-15 ವಿಮಾನ ಮ್ಯಾಕ್ 6.7, ಅಂದರೆ ಶಬ್ದದ 6.7 ಪಟ್ಟು ವೇಗ ಮುಟ್ಟಿತು. ಅದರ ಹೊಟ್ಟೆಯ ಕೆಳಗೆ ಒಂದು ಡಮ್ಮಿ ಎಂಜಿನ್ ತೂಗುಹಾಕಿದ್ದರು. ಎಂಜಿನ್‌ನಿಂದ ಎದ್ದ ಶಾಕ್ ಅಲೆ ಅದನ್ನು ಹಿಡಿದಿದ್ದ ಕಂಬಕ್ಕೆ ಬಡಿದ ಕಡೆ ಲೋಹ ಸುಟ್ಟು ತೂತು ಬಿತ್ತು. ಪೈಲಟ್ ವಿಲಿಯಂ ನೈಟ್ ಜೀವಂತವಾಗಿ ಇಳಿದರು. ಶಾಕ್ ಅಲೆ ಬಡಿಯುವ ಅಂಥ ಜಾಗ ತುಂಬಾ ಕಿರಿದಾಗಿರುತ್ತದೆ. ಎರಡು ಗೇಜುಗಳ ನಡುವೆ ಅದು ಬಿದ್ದರೆ ನಮಗೆ ಕಾಣುವುದೇ ಇಲ್ಲ.

ಈಗ ಮಾಡುತ್ತಿರುವ ಮಾಡೆಲ್‌ಗೆ ಪುಟ್ಟ ರೆಕ್ಕೆ ಇದೆ. ಅದರ ಬುಡದಲ್ಲಿ ಗೇಜುಗಳನ್ನು ಇನ್ನೂ ಹತ್ತಿರ ಹತ್ತಿರ ಎಳೆಯುತ್ತಿದ್ದೇನೆ. ನಿನ್ನೆ ರಾತ್ರಿ ಅಪ್ಪ ಫೋನ್ ಮಾಡಿ, ‘ಎಷ್ಟು ಗೆರೆ ಆದ್ವು?’ ಅಂತ ಕೇಳಿದರು. ಒಂಬತ್ತು ಆಗಿದೆ.