ಬಳ್ಳಾರಿಯ ರಾಮಸಾಮಿ, ಆರ್ಕಾಟಿನ ರಾಮಸಾಮಿ

ಮಾರಿಷಸ್‌ನ ಆ ಅಜ್ಜಿಯ ಮುಖ ಇನ್ನೂ ಕಣ್ಣ ಮುಂದಿದೆ. ವಿಡಿಯೊ ಕಾಲ್‌ನಲ್ಲಿ ನಾನು "ಬಳ್ಳಾರಿ" ಎಂದಾಗ ಅವರೂ ನಿಧಾನವಾಗಿ "ಬಲ್ಲಾರಿ" ಎಂದರು. ಎಂಬತ್ತು ದಾಟಿದ ಮೇಲೆ ಮೊದಲ ಸಲ ತಮ್ಮ ಮುತ್ತಜ್ಜನ ಸೀಮೆಯ ಹೆಸರನ್ನು ಬಾಯಿಬಿಟ್ಟು ಹೇಳಿದ್ದರು. ಆ ಹೆಸರೇ ತಪ್ಪಾಗಿತ್ತು.

ಬೆಂಗಳೂರಲ್ಲಿ ಕೂತು ವಂಶಾವಳಿ ಹುಡುಕಿಕೊಡುವ ಕೆಲಸ ನಮ್ಮದು. ಮಾರಿಷಸ್‌ನ ಭಾರತೀಯ ಮೂಲದ ಏಳನೇ ತಲೆಮಾರಿನವರಿಗೂ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಎಂದು 2024ರಲ್ಲಿ ಘೋಷಣೆಯಾದ ಮೇಲೆ ನಮ್ಮ ಮೇಜಿಗೆ ಅಲ್ಲಿನ ಕೇಸುಗಳೇ ಜಾಸ್ತಿ. 1834ರಿಂದ ಶುರುವಾಗಿ ಸುಮಾರು ನಾಲ್ಕೂವರೆ ಲಕ್ಷ ಜನ ಕರಾರಿನ ಕೂಲಿಗಳಾಗಿ ಆ ದ್ವೀಪದ ಕಬ್ಬಿನ ತೋಟಗಳಿಗೆ ಹೋದರು. ಗುಮಾಸ್ತ ಕಿವಿಗೆ ಬಿದ್ದಂತೆ ಹೆಸರು ಬರೆದುಕೊಂಡ. ಸುಬ್ಬರಾಯನ್ 'ಸೂಪ್ರಾಯೆನ್' ಆದ, ವೆಂಕಟಸಾಮಿ 'ವೆಂಕಟಾಸಾಮಿ' ಆದ. ಬದಲಾಗದೆ ಉಳಿದದ್ದು ಪ್ರತಿ ಕೂಲಿಗೂ ಕೊಟ್ಟ ಇಮಿಗ್ರಂಟ್ ನಂಬರೊಂದೇ. ಹೆಸರು ನಂಬಬೇಡ, ನಂಬರು ನೋಡು ಎಂದು ಸೇರಿದ ದಿನವೇ ಹೇಳಿಕೊಟ್ಟಿದ್ದರು.

ಈ ಕೇಸಲ್ಲಿ ಕೈಗಿದ್ದದ್ದು ಒಂದು ಮದುವೆ ದಾಖಲೆ, ಅದೂ ಜೆರಾಕ್ಸಿನ ಸ್ಕ್ಯಾನು. ವರ ರಾಮಸಾಮಿ, ಅಪ್ಪ 'ಮೂತೂ', ಪಕ್ಕದಲ್ಲಿ ನಂಬರು. ಕೊನೆಯಿಂದ ಎರಡನೇ ಅಂಕಿಯನ್ನು ನಾನು 1 ಎಂದು ಓದಿದೆ. ಅಲ್ಲಿನ ಗುಮಾಸ್ತರದು ಫ್ರೆಂಚ್ ಕೈ: 1ಕ್ಕೆ ಉದ್ದನೆಯ ಮೂಗು, 7ಕ್ಕೆ ನಡುವೆ ಅಡ್ಡಗೀಟು. ಜೆರಾಕ್ಸಿನಲ್ಲಿ ಗೀಟು ಮಾಸಿಹೋದರೆ ಎರಡೂ ಒಂದೇ. ಇದು ನನಗೆ ಗೊತ್ತಿತ್ತು, ಮೂಲ ಪ್ರತಿ ಕೇಳಬೇಕಿತ್ತು. ಟಿಎಟಿ, ಅಂದರೆ ಕೇಸು ಮುಗಿಸುವ ಗಡುವು, ಹತ್ತು ದಿನ; ಏಳು ಮುಗಿದಿತ್ತು. ಕೇಳಲಿಲ್ಲ.

ನಾನು ಕೊಟ್ಟ ನಂಬರಿಗೆ ಕುಟುಂಬದವರು ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯ ಆರ್ಕೈವ್‌ನಿಂದ ಎಕ್ಸ್‌ಟ್ರಾಕ್ಟ್ (ಆ ನಂಬರಿನ ದಾಖಲೆಯ ಪ್ರತಿ) ತರಿಸಿದರು. ಹೆಸರು ರಾಮಸಾಮಿ. ಬಂದರು ಮದ್ರಾಸ್. ಜಿಲ್ಲಾ: ಬಳ್ಳಾರಿ.

ನಾನು ಹೊಸಪೇಟೆಯವನು. ಆ ಕಾಲಕ್ಕೆ ಬಳ್ಳಾರಿ ಮದ್ರಾಸ್ ಪ್ರೆಸಿಡೆನ್ಸಿಯಲ್ಲೇ ಇದ್ದದ್ದು ನಿಜ. ಆದರೂ ಮಾರಿಷಸ್ ಕಾಗದಗಳಲ್ಲಿ ನಮ್ಮ ಹಳೆಯ ಜಿಲ್ಲೆಯ ಹೆಸರು ನನ್ನ ಕಣ್ಣಿಗೆ ಬಿದ್ದದ್ದು ಅದೇ ಮೊದಲು. ಅಲ್ಲಿಂದಾಚೆ ನಾನು ಪರೀಕ್ಷೆ ಮಾಡಲಿಲ್ಲ, ಸಮರ್ಥನೆ ಹುಡುಕಿದೆ. ಎಕ್ಸ್‌ಟ್ರಾಕ್ಟ್‌ನಲ್ಲಿ ಅಪ್ಪನ ಹೆಸರು 'ಮುದ್ದೂ' ಎಂದಿತ್ತು. ಮುದ್ದು ಫ್ರೆಂಚರ ಬಾಯಲ್ಲಿ ಮೂತೂ ಆಗಿರಬೇಕು ಎಂದುಕೊಂಡೆ. ಕುಟುಂಬ ತಲೆಮಾರುಗಳಿಂದ ಕೋವಿಲ್‌ಗೆ, ಅಂದರೆ ತಮಿಳರ ಗುಡಿಗೆ, ಹೋಗುತ್ತದೆ, ಕಾವಡಿ ಹೊರುತ್ತದೆ. ಮದ್ರಾಸಿನಿಂದ ಬಂದವರು ಅಲ್ಲಿ ತಮಿಳರ ಜೊತೆ ಬೆರೆತಿರಬೇಕು ಎಂದು ಅದಕ್ಕೂ ಉತ್ತರ ಕಟ್ಟಿದೆ. ರಿಪೋರ್ಟು ಪರಿಶೀಲಿಸುವ ಕ್ಯೂಸಿಯವರು ನೋಡಿದ್ದು ಟೆಂಪ್ಲೇಟಿನ ಕಾಲಂಗಳು ತುಂಬಿವೆಯೇ ಎಂದಷ್ಟೇ. 'ಮೂಲ ಊರು' ಕಾಲಂ ಖಾಲಿ ಬಿಟ್ಟರೆ ಆ ಸಾಫ್ಟ್‌ವೇರು ಸೇವ್ ಆಗುವುದೇ ಇಲ್ಲ.

ಕಾಲ್‌ನಲ್ಲಿ ಬಳ್ಳಾರಿಯ ನಕ್ಷೆ ತೋರಿಸುತ್ತಿದ್ದೆ. ಅಜ್ಜಿ ಎದ್ದು ಒಳಗೆ ಹೋಗಿ ಒಂದು ಬಿಸ್ಕತ್ ಡಬ್ಬಿ ತಂದರು. ಅದರಲ್ಲಿ ಮಡಚಿಟ್ಟ ಗುರುತಿನ ಟಿಕೆಟ್ಟು, ಕರಾರು ಮುಗಿದ ಹಳೆ ಕೂಲಿಗಳು ಫೋಟೊ ಸಮೇತ ಇಟ್ಟುಕೊಳ್ಳಲೇಬೇಕೆಂದು 1867ರಲ್ಲಿ ಕಾನೂನಾಗಿತ್ತಲ್ಲ, ಅದು. ಮನೆಯಲ್ಲಿ ಟಿಕೆಟ್ಟು ಇದೆಯೇ ಎಂದು ನಾನು ಕೇಳಿಯೇ ಇರಲಿಲ್ಲ. ಮಗ ಅದನ್ನು ಕ್ಯಾಮೆರಾಕ್ಕೆ ಹಿಡಿದರು. ನಂಬರಿನಲ್ಲಿ 7. ಅಡ್ಡಗೀಟು ಸ್ಪಷ್ಟವಾಗಿತ್ತು.

ಮಗನೂ ಅದನ್ನು ನೋಡಿದರು, ನನ್ನ ರಿಪೋರ್ಟನ್ನೂ ನೋಡಿದರು. ಯಾರೂ ಮಾತಾಡಲಿಲ್ಲ. ಸಿಗ್ನಲ್ ಹೋಗಿದೆ ಎಂದು ಕಾಲ್ ಕತ್ತರಿಸಿಬಿಡಲೇ ಎನ್ನಿಸಿತು. ಅಜ್ಜಿ ಮಾತ್ರ ನಗುತ್ತಾ ನಕ್ಷೆಯನ್ನೇ ನೋಡುತ್ತಿದ್ದರು. "ನಂಬರು ತಪ್ಪು ಓದಿದ್ದೇನೆ, ಇವರು ನಿಮ್ಮವರಲ್ಲ" ಎಂದೆ. ಮಗ ಅದನ್ನು ಕ್ರಿಯೋಲ್‌ನಲ್ಲಿ ಹೇಳುವಾಗ ಅವರ ನಗು ಮೆಲ್ಲಗೆ ಆರಿತು.

ಎರಡನೇ ಎಕ್ಸ್‌ಟ್ರಾಕ್ಟ್ ಬಂತು. ಅದೇ ಹಡಗು, ಅರವತ್ತು ನಂಬರು ಆಚೆ. ರಾಮಸಾಮಿ, ಅಪ್ಪ ಮುತ್ತು, ಜಿಲ್ಲಾ ಉತ್ತರ ಆರ್ಕಾಟು. ಈಗ ನಾನು ಯಾವ ಕೇಸಾದರೂ ಮನೆಯಲ್ಲಿರುವ ಡಬ್ಬಿ, ಪೆಟ್ಟಿಗೆಗಳ ಬಗ್ಗೆ ಮೊದಲು ಕೇಳುತ್ತೇನೆ. ಟಿಎಟಿ ಮೀರಿದರೆ ಮೀರಲಿ.

ಎಲ್ಲ ಓದಿ ಹೇಳಿದ ಮೇಲೆ ಅಜ್ಜಿ ಮಗನ ಕೈಯಲ್ಲಿ ಒಂದೇ ಪ್ರಶ್ನೆ ಕೇಳಿಸಿದರು: "ಹಾಗಾದರೆ ಬಳ್ಳಾರಿಯವರ ಮಕ್ಕಳು ಮೊಮ್ಮಕ್ಕಳು ಎಲ್ಲಿದ್ದಾರೆ?"

ಮುದ್ದುವಿನ ಮಗ ರಾಮಸಾಮಿಯ ಕಾಗದವನ್ನು ನಾನು ಡಿಲೀಟ್ ಮಾಡಿಲ್ಲ. ಇದುವರೆಗೆ ಅವನನ್ನು ಕೇಳಿಕೊಂಡು ಯಾರೂ ಬಂದಿಲ್ಲ.